ಚರ್ಮದ ರೋಗ, ರಕ್ತದ ಲೆಕ್ಕ, ಬಡವನ ಜೇಬು

"ಮೈಮೇಲೆ ನಾಲ್ಕು ಹೊಟ್ಟಿನ ಮಚ್ಚೆ ಎದ್ದರೆ ಅದೂ ಒಂದು ಕಾಯಿಲೆಯೆ? ಅದಕ್ಕೂ ರಜೆಯೆ?" ಗಿರಣಿಯ ಆಫೀಸಿನಲ್ಲಿ ಈ ಮಾತು ಕೇಳಿಸಿಕೊಂಡು ತಲೆತಗ್ಗಿಸಿ ಹೊರಬಂದ ಕಾರ್ಮಿಕರು ನಮ್ಮ ನಡುವೆ ಇದ್ದಾರೆ. ಇದೇ ಮಾತು ಕಚೇರಿಗಳಲ್ಲಿ ಇನ್ನೂ ಸ್ವಲ್ಪ ನಯವಾಗಿ ಬರುತ್ತದೆ: "ನಿಮ್ಮ ರಕ್ತದ ವರದಿಯಲ್ಲಿ ಏನೂ ಇಲ್ಲವಲ್ಲ!" ಅದೇ ಕಾರ್ಮಿಕ ಖಾಸಗಿ ಲ್ಯಾಬಿನ ಬಾಗಿಲಿಗೆ ಹೋದನೋ, ಮಾತು ತಿರುಗುಮುರುಗು: "ನಿಮ್ಮ ರಕ್ತದಲ್ಲಿ ನೋಡಬೇಕಾದದ್ದು ಬಹಳ ಇದೆ, ದೊಡ್ಡ ಪ್ಯಾಕೇಜನ್ನೇ ಮಾಡಿಸಿ." ಒಬ್ಬರಿಗೆ ಕಾರ್ಮಿಕನ ರಕ್ತದಲ್ಲಿ ಏನೂ ಕಾಣುವುದಿಲ್ಲ; ಇನ್ನೊಬ್ಬರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಕಾಣುತ್ತದೆ. ಕೊಡಬೇಕಾದವರ ಕಣ್ಣು ಕುರುಡು, ಕೀಳಬೇಕೆಂಬವರ ಕಣ್ಣು ಬಲು ಚುರುಕು!

ಈ ವಾರ ನಾವು ಬರೆಯಹೊರಟಿರುವುದು ಸೋರಿಯಾಸಿಸ್ ಎಂಬ ಚರ್ಮರೋಗವನ್ನೂ, ಅದರ ಉಗ್ರತೆಯನ್ನು ರಕ್ತದಲ್ಲಿ ಅಳೆಯುತ್ತೇವೆನ್ನುವ ಪರೀಕ್ಷೆಗಳನ್ನೂ ಕುರಿತು. ಪಕ್ಷದ ಪತ್ರಿಕೆಗೆ ಈ ವೈದ್ಯಶಾಸ್ತ್ರವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕೂಲಿಯ ಅಂಕಿ, ಬೋನಸ್ಸಿನ ಅಂಕಿ, ತುಟ್ಟಿಭತ್ಯದ ಅಂಕಿ ಯಾರ ಕೈಯಲ್ಲಿದೆ ಎಂಬುದು ರಾಜಕೀಯವಾದರೆ, ಕಾರ್ಮಿಕನ ರಕ್ತದ ಅಂಕಿ ಯಾರ ಕೈಯಲ್ಲಿದೆ ಎಂಬುದೂ ರಾಜಕೀಯವೇ. ನಮ್ಮ ವಾದ ಇಷ್ಟೆ: ರಕ್ತದ ಅಂಕಿ ರೋಗಿಯ ಪರವಾದ ಸಾಕ್ಷಿಯಾಗಬೇಕೇ ಹೊರತು ರೋಗಿಯ ಮೇಲಿನ ತೀರ್ಪಾಗಕೂಡದು, ಆ ಸಾಕ್ಷಿ ಉಚಿತವಾಗಿ, ನಮ್ಮ ಭಾಷೆಯಲ್ಲಿ, ನಮ್ಮ ಕೈಗೆ ಸಿಗಬೇಕು.

ಅಂಟುರೋಗವಲ್ಲ, ಪಾಪದ ಫಲವೂ ಅಲ್ಲ

ಮೊದಲು ಕಾಯಿಲೆ ಏನೆಂಬುದನ್ನು ತಿಳಿಯೋಣ. ನಮ್ಮ ಮೈಯ ಹೊರಚರ್ಮ ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಹಳೆಯ ಕಣಗಳು ಕಾಣದಂತೆ ಉದುರಿಹೋಗುತ್ತವೆ, ಹೊಸವು ಕೆಳಗಿನಿಂದ ಬರುತ್ತವೆ. ಸೋರಿಯಾಸಿಸ್ ಬಂದವನಲ್ಲಿ ಈ ತಿಂಗಳ ಕೆಲಸ ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ನಾಲ್ಕು ಪಾಳಿಯ ನೂಲನ್ನು ಒಂದೇ ಪಾಳಿಯಲ್ಲಿ ತೆಗೆಯಹೊರಟ ಯಂತ್ರದ ಹಾಗೆ. ನೂಲು ಗಂಟುಗಂಟಾಗಿ ರಾಶಿ ಬೀಳುವಂತೆ ಚರ್ಮ ದಪ್ಪಗಟ್ಟಿ ಬೆಳ್ಳಿಯ ಬಣ್ಣದ ಹೊಟ್ಟಾಗಿ ಉದುರುತ್ತದೆ. ಯಂತ್ರಕ್ಕೆ ಈ ವೇಗ ಹಚ್ಚಿದವರು ಯಾರು? ರೋಗಾಣುಗಳೊಡನೆ ಹೋರಾಡಲೆಂದು ರಕ್ತದಲ್ಲಿರುವ ರಕ್ಷಣಾಪಡೆಯೇ. ಟಿ ಕಣಗಳೆಂಬ ಬಿಳಿ ರಕ್ತಕಣಗಳು ತಪ್ಪು ತಿಳಿದು ತಮ್ಮದೇ ಮನೆಯ ಮೇಲೆ ತಿರುಗಿಬೀಳುತ್ತವೆ, ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಎಂಬ ರಾಸಾಯನಿಕ ಸಂದೇಶಗಳು ಹೊರಡುತ್ತವೆ. ಬೆಂಕಿ ಹತ್ತುವುದು ಒಳಗೆ, ಹೊಗೆ ಕಾಣುವುದು ಚರ್ಮದ ಮೇಲೆ.

ಇದರಲ್ಲಿ ಒಬ್ಬರಿಂದ ಒಬ್ಬರಿಗೆ ಹಾರುವ ಹುಳುವಿಲ್ಲ, ಕ್ರಿಮಿಯಿಲ್ಲ. ಮುಟ್ಟಿದರೆ ಅಂಟುವುದಿಲ್ಲ, ಜೊತೆಯಲ್ಲಿ ಉಂಡರೆ ಬರುವುದಿಲ್ಲ, ಒಂದೇ ಮಗ್ಗದಲ್ಲಿ ದುಡಿದರೆ ಹರಡುವುದಿಲ್ಲ. ಇದನ್ನು ಕುಷ್ಠದೊಡನೆ ಬೆರೆಸಿ ಶತಮಾನಗಳ ಕಾಲ ರೋಗಿಗಳನ್ನು ಊರಾಚೆಗೆ ಅಟ್ಟಿದ್ದರು. ಎರಡೂ ಬೇರೆಬೇರೆಯೆಂದು ವಿಯೆನ್ನಾದ ವೈದ್ಯ ಫರ್ಡಿನಂಡ್ ಹೆಬ್ರಾ 1841ರಲ್ಲಿ ಸ್ಪಷ್ಟಪಡಿಸಿದ. ಆ ಮಾತು ನಮ್ಮ ಬಜಾರಿಗೆ ಇನ್ನೂ ತಲುಪಿಲ್ಲ! ಕಿರಾಣಿ ಅಂಗಡಿಯವನ ಮೊಣಕೈಯ ಮಚ್ಚೆ ನೋಡಿ ಚಿಲ್ಲರೆಯನ್ನು ಅವನ ಕೈಯಿಂದ ತೆಗೆದುಕೊಳ್ಳದೆ ಮೇಜಿನ ಮೇಲಿಡಲು ಹೇಳುವ ಗಿರಾಕಿ, ಮದುವೆಯ ಮಾತು ಮುರಿದು ಹೋಗುವ ಬೀಗರು, ಕ್ಯಾಂಟೀನಿನಲ್ಲಿ ಬೇರೆ ಲೋಟ ತೋರಿಸುವ ಮೇಸ್ತ್ರಿ, ಇವರೆಲ್ಲರೂ ಹೆಬ್ರಾನಿಗಿಂತ ಹಿಂದಿನ ಕಾಲದಲ್ಲಿಯೇ ಬದುಕುತ್ತಿದ್ದಾರೆ. ಅಸ್ಪೃಶ್ಯತೆಯನ್ನು ಸಂವಿಧಾನ ತೊಡೆದುಹಾಕಿದರೂ ಅದು ಹೊಸ ಹೊಸ ಮೈಗಳನ್ನು ಹುಡುಕಿಕೊಳ್ಳುತ್ತಲೇ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 2014ರಲ್ಲಿ ಈ ರೋಗದ ಬಗ್ಗೆಯೇ ಒಂದು ನಿರ್ಣಯ ಮಾಡಿತು. 2016ರ ಅದರ ವರದಿ, ಜಗತ್ತಿನಲ್ಲಿ ಕನಿಷ್ಠ 10 ಕೋಟಿ ಜನರಿಗೆ ಈ ಕಾಯಿಲೆಯಿದೆ ಎಂದಿತು. 10 ಕೋಟಿ ಜನರ ಬಾಧೆ "ನಾಲ್ಕು ಹೊಟ್ಟಿನ ಮಚ್ಚೆ"ಯೆ? ಮಾಲೀಕರು ಉತ್ತರ ಹೇಳಲಿ.

ರಕ್ತ ಏನು ಹೇಳುತ್ತದೆ?

ಬೆಂಕಿ ಒಳಗಿರುವುದರಿಂದ ಅದರ ಕಾವು ರಕ್ತದಲ್ಲಿ ತಿಳಿಯಬೇಕಲ್ಲವೆ? ತಿಳಿಯುತ್ತದೆ, ಒಂದು ಮಿತಿಯವರೆಗೆ. ಅದಕ್ಕೆ ಲಕ್ಷಗಟ್ಟಲೆಯ ಯಂತ್ರವೂ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಜ್ವರಕ್ಕೆ ಮಾಡುವ ರಕ್ತಕಣಗಳ ಎಣಿಕೆ, ಲ್ಯಾಬಿನವರು ಸಿ.ಬಿ.ಸಿ. ಎನ್ನುವುದು, ಇದಕ್ಕೆ ಸಾಕು. ಆ ಚೀಟಿಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣ ನೂರಕ್ಕೆ ಎಷ್ಟು, ಲಿಂಫೋಸೈಟ್ ಎಂಬ ಬಿಳಿಕಣ ನೂರಕ್ಕೆ ಎಷ್ಟು ಎಂದು ಬರೆದಿರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿರಿ. 60 ಮತ್ತು 30 ಇದ್ದರೆ ಉತ್ತರ 2. 75 ಮತ್ತು 15 ಇದ್ದರೆ ಉತ್ತರ 5. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 1ರಿಂದ 3ರ ಒಳಗಿರುತ್ತದೆ. ಹಾಜರಿಪುಸ್ತಕ ನೋಡಿ ತನ್ನ ಕೂಲಿ ಲೆಕ್ಕ ಹಾಕಬಲ್ಲ ಯಾವ ಕಾರ್ಮಿಕನಾದರೂ ಈ ಭಾಗಾಕಾರ ಮಾಡಬಲ್ಲ. ಇದಕ್ಕಾಗಿ ಬೇರೆ ಬಿಲ್ಲು ಮಾಡುವವನು ಭಾಗಾಕಾರವನ್ನೇ ಮಾರುತ್ತಿದ್ದಾನೆ ಎಂದು ತಿಳಿಯಿರಿ.

ಸೋರಿಯಾಸಿಸ್ ರೋಗಿಗಳಲ್ಲಿ ಈ ಪ್ರಮಾಣ ಇತರರಿಗಿಂತ ಹೆಚ್ಚಿರುವುದನ್ನು ಹಲವು ದೇಶಗಳ ವೈದ್ಯರು ಕಂಡಿದ್ದಾರೆ. ಕಾರಣವೂ ಊಹೆಯದಲ್ಲ. ಇಂಟರ್‌ಲ್ಯೂಕಿನ್-17ರ ಸಂದೇಶ ನ್ಯೂಟ್ರೋಫಿಲ್‌ಗಳನ್ನು ಕರೆತರುತ್ತದೆ. ಚರ್ಮದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಕಣಗಳು ಹೊಟ್ಟಿನೊಳಗೇ ಗುಂಪುಗೂಡಿರುವುದು ಕಾಣುತ್ತದೆ.

ಎರಡನೆಯದು ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿ.ಆರ್.ಪಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ದೇಹದಲ್ಲಿ ಎಲ್ಲಿ ಉರಿಯೂತವಾದರೂ ಪಿತ್ತಜನಕಾಂಗ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮೂರನೆಯದು ಇನ್ನೂ ಹಳೆಯ ಇ.ಎಸ್.ಆರ್.; ನಿಲ್ಲಿಸಿದ ಕೊಳವೆಯಲ್ಲಿ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತವೆ ಎಂಬ ಲೆಕ್ಕ.

ಈ ಅಂಕಿಗಳಿಂದ ದುಡಿಯುವವನಿಗೆ ಏನು ಪ್ರಯೋಜನ? ಮೂರು ಪ್ರಯೋಜನಗಳಿವೆ. ಮೊದಲನೆಯದಾಗಿ, ಕಾಯಿಲೆ ಚರ್ಮಕ್ಕಷ್ಟೆ ನಿಂತಿಲ್ಲ ಎಂಬುದಕ್ಕೆ ಇವು ಸಾಕ್ಷಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಬ್ರಿಟನ್ನಿನ ವೈದ್ಯರ ದಾಖಲೆಗಳನ್ನು ಜಾಲಾಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಉಗ್ರ ಸೋರಿಯಾಸಿಸ್ ಇರುವ 30 ವರ್ಷದವನಿಗೆ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರರಿಗಿಂತ ಸುಮಾರು ಮೂರು ಪಟ್ಟು. ಮೂವತ್ತರ ವಯಸ್ಸಿನಲ್ಲಿ ಹೃದಯಾಘಾತ ಅಪರೂಪವೇ ನಿಜ. ಅಪರೂಪದ ಮೂರು ಪಟ್ಟು ಎಂದರೆ ಎಲ್ಲರೂ ಸಾಯುತ್ತಾರೆ ಎಂದಲ್ಲ. ಆದರೆ "ಬರಿಯ ಮೈಮೇಲಿನದು" ಎಂಬ ಮಾಲೀಕರ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಎರಡನೆಯದಾಗಿ, ಕಾಯಿಲೆ ಕೆರಳಿ ಮೈತುಂಬ ಕೀವುಗುಳ್ಳೆಗಳೇಳುವ ಒಂದು ಬಗೆಯಿದೆ. ಗುಳ್ಳೆಯೊಳಗೆ ಕ್ರಿಮಿಯಿರುವುದಿಲ್ಲ, ಆದರೆ ಜ್ವರವೇರುತ್ತದೆ. ಬಿಳಿಕಣಗಳೂ ಸಿ.ಆರ್.ಪಿ.ಯೂ ದಿಢೀರನೆ ಏರುತ್ತವೆ, ರಕ್ತದ ಕ್ಯಾಲ್ಸಿಯಂ ಇಳಿಯಬಹುದು. ಆಗ ಆ ಅಂಕಿಯೇ ಅಪಾಯದ ಗಂಟೆ. ಅಂಥವನನ್ನು ಪಾಳಿ ಮುಗಿಯಲಿ ಎಂದು ನಿಲ್ಲಿಸಿಕೊಂಡರೆ ಅದು ಕೊಲೆಗೆ ಸಮಾನ.

ಮೂರನೆಯದಾಗಿ, ಔಷಧಿ ನುಂಗುವಾಗ ಅದು ಮೈಗೆ ಹಾನಿ ಮಾಡುತ್ತಿಲ್ಲವೆಂದು ನೋಡಲು ರಕ್ತಪರೀಕ್ಷೆ ಅಗತ್ಯ. ಈ ಮಾತಿಗೆ ಮುಂದೆ ಬರುತ್ತೇವೆ.

ರಕ್ತ ಏನು ಹೇಳುವುದಿಲ್ಲ?

ಇಷ್ಟು ಹೇಳಿ ನಿಲ್ಲಿಸಿದರೆ ಅದು ಲ್ಯಾಬಿನವರ ಜಾಹೀರಾತಾದೀತು. ಇನ್ನೊಂದು ಮಗ್ಗುಲನ್ನೂ ನೋಡಬೇಕು.

ಈ ಅಂಕಿಗಳು ಸೋರಿಯಾಸಿಸ್‌ಗೆಂದೇ ಹುಟ್ಟಿದವಲ್ಲ. ಹಲ್ಲಿನ ಬೇರಿನಲ್ಲಿ ಕೀವಾದರೂ ನ್ಯೂಟ್ರೋಫಿಲ್ ಏರುತ್ತದೆ. ಬೀಡಿ ಸೇದಿದರೂ ಏರುತ್ತದೆ. ಮೈ ದಪ್ಪವಿದ್ದರೆ ಸಿ.ಆರ್.ಪಿ. ಏರಿರುತ್ತದೆ. ಹಳ್ಳಿಹಳ್ಳಿಗೆ ಬರುವ "ಬೇರುಸಹಿತ ಗುಣ" ಮಾಡುವ ಪುಡಿಯವರ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಅದನ್ನು ತಿಂದವನ ಚರ್ಮ ವಾರದಲ್ಲಿ ತಿಳಿಯಾಗುತ್ತದೆ. ಆದರೆ ಸ್ಟೀರಾಯ್ಡು ನ್ಯೂಟ್ರೋಫಿಲನ್ನು ಏರಿಸಿ ಲಿಂಫೋಸೈಟನ್ನು ಇಳಿಸುವುದರಿಂದ ನಾವು ಹೇಳಿದ ಭಾಗಾಕಾರ ದೊಡ್ಡದಾಗುತ್ತದೆ. ಚರ್ಮ ಒಂದು ಹೇಳುತ್ತದೆ, ಚೀಟಿ ಇನ್ನೊಂದು ಹೇಳುತ್ತದೆ. ಪುಡಿ ನಿಲ್ಲಿಸಿದೊಡನೆ ಕೆಲವರಿಗೆ ಮೇಲೆ ಹೇಳಿದ ಕೀವುಗುಳ್ಳೆಯ ಉಗ್ರರೂಪವೇ ಎರಗುತ್ತದೆ. ಆದುದರಿಂದ ಅಂಥ ಪುಡಿಯನ್ನು ಮುಟ್ಟಬೇಡಿರಿ. ಈಗಾಗಲೇ ತಿನ್ನುತ್ತಿದ್ದರೆ ತಟ್ಟನೆ ಬಿಡದೆ ವೈದ್ಯರಿಗೆ ತೋರಿಸಿರಿ.

ಇದಕ್ಕಿಂತ ಮುಖ್ಯವಾದ ಮಾತು: ಅಂಕಿ ಸರಿಯಾಗಿದೆ ಎಂದ ಮಾತ್ರಕ್ಕೆ ರೋಗ ಹಗುರವೆಂದಲ್ಲ. ಸೋರಿಯಾಸಿಸ್ ಕೀಲುಗಳಿಗೂ ಇಳಿಯುತ್ತದೆ. ಬೆರಳು ಊದಿ, ಬೆಳಗ್ಗೆ ಎದ್ದರೆ ಕೈ ಮಡಚಲಾಗದು. ಅಂಥ ರೋಗಿಗಳಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಸಿ.ಆರ್.ಪಿ. ಸರಿಯಾಗಿಯೇ ಇರುತ್ತದೆ. ಇನ್ನು ಅಂಗೈಯ ಸೋರಿಯಾಸಿಸ್ ತೆಗೆದುಕೊಳ್ಳಿ. ಮೂಟೆ ಹೊರುವ ಹಮಾಲಿಯ, ನೂಲು ಗಂಟು ಹಾಕುವ ಹೆಣ್ಣುಮಗಳ, ತಕ್ಕಡಿ ಹಿಡಿಯುವ ವ್ಯಾಪಾರಿಯ ಎರಡೂ ಅಂಗೈ ಬಿರಿದು ರಕ್ತ ಒಸರುತ್ತಿದೆ. ಒಂದು ಹಸ್ತವೆಂದರೆ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಎರಡು ಹಸ್ತ, ನೂರರಲ್ಲಿ ಎರಡು ಪಾಲು. ರಕ್ತದ ಅಂಕಿಯಲ್ಲಿ ಅಲುಗಾಟವಿಲ್ಲ. ಕಾಗದದ ಮೇಲೆ ಇದು "ಹಗುರ" ರೋಗ. ಗಿರಣಿಯಲ್ಲಿ ಮಾತ್ರ ಆ ನೂರರ ಎರಡು ಪಾಲಿನಿಂದಲೇ ಕೂಲಿಯ ನೂರಕ್ಕೆ ನೂರು ಪಾಲು ಹುಟ್ಟುವುದು! ಗುಮಾಸ್ತನ ಬೆನ್ನಿನ ಮೇಲಿನ ಮಚ್ಚೆಯನ್ನು ಅಂಗಿ ಮುಚ್ಚೀತು. ಕಾರ್ಮಿಕನ ಅಂಗೈಯನ್ನು ಯಾವ ಅಂಗಿ ಮುಚ್ಚುತ್ತದೆ?

ಅದೂ ಅಲ್ಲದೆ ಉಜ್ಜಿದಲ್ಲಿ, ಗೀರಿದಲ್ಲಿ, ಗಾಯವಾದಲ್ಲಿ ಹೊಸ ಮಚ್ಚೆ ಏಳುವುದು ಈ ರೋಗದ ಸ್ವಭಾವ. ಜರ್ಮನ್ ವೈದ್ಯ ಕೋಬ್ನರ್ ಇದನ್ನು 1870ರ ದಶಕದಲ್ಲಿಯೇ ತೋರಿಸಿದ್ದಾನೆ. ಕೈಗವಸಿಲ್ಲದೆ ದುಡಿಸುವ ಮಾಲೀಕ ರೋಗಕ್ಕೆ ಗೊಬ್ಬರ ಹಾಕುತ್ತಾನೆ. ಆಮೇಲೆ ರೋಗಿಯನ್ನೇ ಕಳೆಯೆಂದು ಕಿತ್ತೆಸೆಯುತ್ತಾನೆ.

ವೈದ್ಯಶಾಸ್ತ್ರ ಇದನ್ನು ಅರಿಯದೆ ಇಲ್ಲ. 1978ರಲ್ಲಿ ಸ್ವೀಡನ್ನಿನ ಫ್ರೆಡ್ರಿಕ್ಸನ್ ಮತ್ತು ಪೆಟರ್ಸನ್ ಎಂಬವರು ಸೊನ್ನೆಯಿಂದ 72ರವರೆಗಿನ ಪಾಸಿ ಎಂಬ ಅಂಕವನ್ನು ಕಟ್ಟಿದರು. ಮೈಯ ಎಷ್ಟು ಪಾಲಿನಲ್ಲಿ ರೋಗವಿದೆ, ಎಷ್ಟು ಕೆಂಪು, ಎಷ್ಟು ದಪ್ಪ, ಎಷ್ಟು ಹೊಟ್ಟು ಎಂದು ಕಣ್ಣಿನಿಂದ ನೋಡಿ ಹಾಕುವ ಲೆಕ್ಕ ಅದು. ಸ್ವೀಡನ್ನಿನ ಬಿಳಿ ಮೈಯಲ್ಲಿ ಕೆಂಪು ಎದ್ದು ಕಾಣುತ್ತದೆ. ನಮ್ಮ ಕಪ್ಪು ಮೈಯಲ್ಲಿ ಅದೇ ಉರಿ ಕಂದಾಗಿಯೋ ನೇರಳೆಯಾಗಿಯೋ ಕಂಡು ಅಂಕ ಕಡಿಮೆ ಬೀಳುವ ಭಯವಿದೆ. 1994ರಲ್ಲಿ ಬ್ರಿಟನ್ನಿನ ಕಾರ್ಡಿಫಿನಲ್ಲಿ ಫಿನ್ಲೆ ಮತ್ತು ಖಾನ್ ಎಂಬವರು ಹತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ನವೆಯಿದೆಯೆ, ಕೆಲಸಕ್ಕೆ ಅಡ್ಡಿಯಾಯಿತೆ, ಜನರೆದುರು ಹೋಗಲು ನಾಚಿಕೆಯಾಯಿತೆ ಎಂದು ರೋಗಿಯನ್ನೇ ಕೇಳುವ ಪಟ್ಟಿ. ಅದಕ್ಕೆ ಸೂಜಿ ಬೇಡ, ಯಂತ್ರ ಬೇಡ. 2005ರಲ್ಲಿ ಫಿನ್ಲೆಯವರು ಒಂದು ಸುಲಭ ಸೂತ್ರ ಕೊಟ್ಟರು: ರೋಗ ಹರಡಿದ ಪಾಲು, ಪಾಸಿ ಅಂಕ, ಈ ಪ್ರಶ್ನೆಗಳ ಅಂಕ, ಈ ಮೂರರಲ್ಲಿ ಯಾವುದಾದರೊಂದು ಹತ್ತನ್ನು ಮೀರಿದರೂ ರೋಗ ಉಗ್ರವೇ. ಅಂಗೈ, ಅಂಗಾಲು, ಮುಖ, ತಲೆ, ಗುಪ್ತಾಂಗದಲ್ಲಿ ರೋಗವಿದ್ದವರಿಗೆ ಹರಡಿದ ಪಾಲು ಸ್ವಲ್ಪವೇ ಇದ್ದರೂ ನುಂಗುವ ಇಲ್ಲವೆ ಚುಚ್ಚುವ ಮದ್ದು ಕೊಡಬಹುದೆಂದು ಅಂತರರಾಷ್ಟ್ರೀಯ ಸೋರಿಯಾಸಿಸ್ ಕೌನ್ಸಿಲ್ ಎಂಬ ವೈದ್ಯರ ಕೂಟ 2020ರಲ್ಲಿ ಪ್ರಕಟಿಸಿತು.

ಓದುಗರು ಒಂದನ್ನು ಗಮನಿಸಬೇಕು. ಈ ಯಾವ ಅಳತೆಯಲ್ಲೂ ರಕ್ತದ ಅಂಕಿ ಇಲ್ಲ. ಇಂಥ ಅಂಕಿಯಿದ್ದರೆ ಇಷ್ಟು ಉಗ್ರವೆಂದು ವೈದ್ಯಲೋಕ ಒಪ್ಪಿದ ಒಂದೇ ಒಂದು ರಕ್ತಪರೀಕ್ಷೆಯೂ ಸೋರಿಯಾಸಿಸ್‌ಗೆ ಈವರೆಗೆ ಬಂದಿಲ್ಲ. ಹಾಗಿರುವಾಗ "ರಕ್ತದಲ್ಲಿ ಏನೂ ಇಲ್ಲ, ಕೆಲಸಕ್ಕೆ ಹೋಗು" ಎನ್ನುವವರು ವಿಜ್ಞಾನದ ಹೆಸರಿನಲ್ಲಿ ದರ್ಪ ನಡೆಸುತ್ತಿದ್ದಾರೆ, ಅಷ್ಟೆ.

ಯಾರ ತಕ್ಕಡಿಗೆ ಮುದ್ರೆ?

ನಮ್ಮ ಸಣ್ಣ ವ್ಯಾಪಾರಿ ಬಂಧುಗಳಿಗೆ ತಕ್ಕಡಿಯ ಕಾನೂನು ಗೊತ್ತು. ತೂಕದ ಕಲ್ಲಿಗೆ ಮುದ್ರೆ ಹಾಕಿಸದಿದ್ದರೆ ದಂಡ. ಒಂದು ಕಿಲೋ ಬೇಳೆಯಲ್ಲಿ ಹತ್ತು ಗ್ರಾಂ ಕಡಿಮೆ ಬಂದರೆ ಇನ್‌ಸ್ಪೆಕ್ಟರು ಅಂಗಡಿಗೇ ಬರುತ್ತಾರೆ. ಆದರೆ ಬೇಕಾದದ್ದು ಎರಡು ಪರೀಕ್ಷೆಯಿರುವಾಗ ಪ್ಯಾಕೇಜೆಂದು ಹತ್ತಾರು ಪರೀಕ್ಷೆಗಳನ್ನು ತಲೆಗೆ ಕಟ್ಟುವ ಅಂಗಡಿಗೆ ಯಾವ ಇನ್‌ಸ್ಪೆಕ್ಟರು ಹೋಗುತ್ತಾರೆ? ಬೇಳೆ ಕೇಳಿದವನಿಗೆ ಅಂಗಡಿಯ ಅರ್ಧ ಸಾಮಾನನ್ನೇ ಕಟ್ಟಿಕೊಟ್ಟು ದುಡ್ಡು ಕೇಳುವ ಕಿರಾಣಿಯವನನ್ನು ಊರು ಸುಮ್ಮನೆ ಬಿಟ್ಟೀತೆ?

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರಲ್ಲಿಯೇ ಆಗಿದೆ. ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕೆಂಬುದು ಅದರ ಒಂದು ಮಾತು. 2017ರಲ್ಲಿ ಅದನ್ನು ಬಿಗಿಗೊಳಿಸಿ ದರ ಕಟ್ಟುವ ಅಧಿಕಾರವನ್ನು ಸರ್ಕಾರ ಪಡೆಯಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ತಿದ್ದುಪಡಿ ಸಡಿಲವಾಗಿ ಹೊರಬಂತು. ಮುಷ್ಕರದ ಹಕ್ಕು ಯಾರದಿದ್ದರೂ ನಾವು ಅದಕ್ಕೆ ಅಡ್ಡಬರುವವರಲ್ಲ. ಆದರೆ ಗಿರಣಿ ಕಾರ್ಮಿಕ ಕೂಲಿಗಾಗಿ ಮುಷ್ಕರ ಹೂಡಿದರೆ ಪೊಲೀಸು, ದರಕ್ಕಾಗಿ ದೊಡ್ಡವರು ಹೂಡಿದರೆ ತಿದ್ದುಪಡಿ, ಇದು ಯಾವ ನ್ಯಾಯ?

ಕಾರ್ಖಾನೆಯಲ್ಲಿ ತಯಾರಾಗುವ ಅಗತ್ಯ ವಸ್ತುವಿನ ಬೆಲೆ ಅದರ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟನ್ನು ಮೀರಕೂಡದೆಂದು ಡಾ. ರಾಮಮನೋಹರ ಲೋಹಿಯಾ ಬೇಡಿಕೆಯಿಟ್ಟಿದ್ದರು. ಬಟ್ಟೆಗೆ, ಸಕ್ಕರೆಗೆ ಸಲ್ಲುವ ನ್ಯಾಯ ರಕ್ತಪರೀಕ್ಷೆಗೂ ಔಷಧಿಗೂ ಸಲ್ಲಬಾರದೇಕೆ?

ಒಂದು ಮಾತ್ರೆ, ಒಂದು ಚುಚ್ಚುಮದ್ದು

ಔಷಧಿಯ ಕತೆ ಕೇಳಿರಿ. ಆಂಧ್ರದ ಭೀಮವರದಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳುತನದಲ್ಲಿ, ಲೆಡರ್ಲೆ ಸಂಸ್ಥೆಯಲ್ಲಿ ಅಮಿನೋಪ್ಟೆರಿನ್ ಮತ್ತು ಮೆಥೊಟ್ರೆಕ್ಸೇಟ್ ಎಂಬ ಔಷಧಿಗಳು ತಯಾರಾದವು. ಅವು ರಕ್ತದ ಕ್ಯಾನ್ಸರಿಗೆಂದು ಬಂದವು. 1951ರಲ್ಲಿ ಗುಬ್ನರ್ ಎಂಬ ವೈದ್ಯ, ಕೀಲುನೋವಿಗೆ ಅಮಿನೋಪ್ಟೆರಿನ್ ಕೊಟ್ಟಾಗ ಸೋರಿಯಾಸಿಸ್ ಇಳಿದುದನ್ನು ಕಂಡ. ಇಂದು ಮೆಥೊಟ್ರೆಕ್ಸೇಟ್ ನಮ್ಮ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಬೆಲೆ ಕೂಲಿಯವನ ಕೈಗೆ ಎಟುಕುವಂಥದು. ಆದರೆ ಇದು ಕತ್ತಿಯಂಥ ಮದ್ದು. ವಾರಕ್ಕೊಮ್ಮೆ ಮಾತ್ರ ನುಂಗಬೇಕು. ತಿಳಿಯದೆ ದಿನಾಲೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಬಸುರಿಯರು ಮುಟ್ಟಬಾರದು. ನುಂಗುವವರು ರಕ್ತಕಣಗಳ ಎಣಿಕೆಯನ್ನೂ ಪಿತ್ತಜನಕಾಂಗದ, ಮೂತ್ರಪಿಂಡದ ಪರೀಕ್ಷೆಗಳನ್ನೂ ಆಗಾಗ ಮಾಡಿಸಲೇಬೇಕು. ಬಡವನಿಗೆ ರಕ್ತಪರೀಕ್ಷೆ ನಿಜವಾಗಿ ಬೇಕಾಗುವುದು ಇಲ್ಲಿ. ಮಾತ್ರೆ ಅಗ್ಗ, ಪರೀಕ್ಷೆ ದುಬಾರಿ ಎಂದಾದರೆ ಅವನು ಮಾತ್ರೆ ನುಂಗಿ ಪರೀಕ್ಷೆ ಬಿಡುತ್ತಾನೆ. ಹಾಗೆ ಬಿಟ್ಟು ಅವನಿಗೇನಾದರೂ ಆದರೆ ಹೊಣೆ ಯಾರದು?

ಈ ಮಾತ್ರೆಗೆ ಜಗ್ಗದವರಿಗೆ ಹೊಸ ಚುಚ್ಚುಮದ್ದುಗಳಿವೆ. ಟಿ.ಎನ್.ಎಫ್. ಅನ್ನು, ಇಂಟರ್‌ಲ್ಯೂಕಿನ್-17 ಅನ್ನು, 23 ಅನ್ನು ಹಿಡಿದು ಕಟ್ಟುವ ಮದ್ದುಗಳು. ಕೊಡುವ ಮೊದಲು ಕ್ಷಯದ ಪರೀಕ್ಷೆ ಆಗಬೇಕು, ಏಕೆಂದರೆ ಇವುಗಳಲ್ಲಿ ಕೆಲವು ಎದೆಯೊಳಗೆ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಅನೇಕರಿಗೆ ಇವು ಮರುಜೀವ ಕೊಟ್ಟಿವೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ವರ್ಷದ ಮದ್ದಿಗೆ ಕೂಲಿಕಾರನ ತಿಂಗಳುಗಟ್ಟಲೆಯ ಸಂಬಳ ಸಾಲದು. ಹೊಸ ಚುಚ್ಚುಮದ್ದುಗಳಲ್ಲಿ ಇನ್ನೊಂದು ಇಟೊಲಿಜುಮಾಬ್. ಅದರ ಮೂಲ ಕ್ಯೂಬಾದ ಹವಾನಾ ನಗರದ ಅಣ್ವಿಕ ರೋಗರಕ್ಷಣಾ ಕೇಂದ್ರ, ಅದು ಸರ್ಕಾರದ ಸಂಸ್ಥೆ. ಅದನ್ನು ಮುಂದೆ ಬೆಳೆಸಿದ್ದು ನಮ್ಮ ಬೆಂಗಳೂರಿನ ಬಯೋಕಾನ್. 2013ರಲ್ಲಿ ಭಾರತ ಸರ್ಕಾರ ಸೋರಿಯಾಸಿಸ್‌ಗೆ ಅದನ್ನು ಮಂಜೂರು ಮಾಡಿತು. ಅಮೆರಿಕ ದಶಕಗಳಿಂದ ದಿಗ್ಬಂಧನ ಹಾಕಿರುವ ಒಂದು ಸಣ್ಣ ಸಮಾಜವಾದಿ ದೇಶದ ಸರ್ಕಾರಿ ಪ್ರಯೋಗಶಾಲೆ ಇಂಥ ಮದ್ದನ್ನು ಹುಟ್ಟಿಸಬಲ್ಲದಾದರೆ, ನಮ್ಮ ಸರ್ಕಾರದ ಔಷಧಿ ಕಾರ್ಖಾನೆಗಳು ಏಕೆ ಸೊರಗಿ ಕುಳಿತಿವೆ?

ಪೇಟೆಂಟು ಇದೆ, ಏನೂ ಮಾಡಲಾಗದು ಎಂಬ ಗೊಣಗನ್ನು ನಾವು ಒಪ್ಪುವುದಿಲ್ಲ. 2012ರ ಮಾರ್ಚಿನಲ್ಲಿ ಬಾಯರ್ ಕಂಪನಿಯ ಕ್ಯಾನ್ಸರ್ ಮದ್ದೊಂದಕ್ಕೆ ಕಡ್ಡಾಯ ಪರವಾನಗಿ ಕೊಟ್ಟಾಗ, ತಿಂಗಳಿಗೆ ಸುಮಾರು 2,80,000 ರೂಪಾಯಿಯಿದ್ದ ಬೆಲೆ ಸುಮಾರು 8,800 ರೂಪಾಯಿಗೆ ಇಳಿಯಿತು. ಕಾನೂನು ಆಗ ಇತ್ತು, ಈಗಲೂ ಇದೆ. ಮನಸ್ಸು ಮಾತ್ರ ಇಲ್ಲ.

ಹಾಸಿಗೆಯ ಶಾಸ್ತ್ರ

"ಐದು ಲಕ್ಷದ ಕಾರ್ಡು ಕೊಟ್ಟಿಲ್ಲವೆ?" ಎಂದು ಮಂತ್ರಿಗಳು ಕೇಳುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದದ್ದು ನಿಜ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಎಂಬುದೂ ನಿಜ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಸೋರಿಯಾಸಿಸ್ ರೋಗಿ ಸಾಮಾನ್ಯವಾಗಿ ಮಲಗುವುದಿಲ್ಲ; ನಡೆದಾಡಿಕೊಂಡೇ ಇಪ್ಪತ್ತು ವರ್ಷ, ಮೂವತ್ತು ವರ್ಷ ನರಳುತ್ತಾನೆ. ಮುಲಾಮು, ಮಾತ್ರೆ, ರಕ್ತಪರೀಕ್ಷೆ ಎಲ್ಲವೂ ಹೊರರೋಗಿಯ ಖರ್ಚು. ಹಾಸಿಗೆ ಹಿಡಿದರೆ ಮಾತ್ರ ಹಣ, ಹಾಸಿಗೆ ಹಿಡಿಯದಂತೆ ತಡೆಯಲು ಹಣವಿಲ್ಲ! ಸಣ್ಣ ವ್ಯಾಪಾರಿಗೆ ಇ.ಎಸ್.ಐ. ಇಲ್ಲ, ರಜೆಯ ಸಂಬಳವಿಲ್ಲ. ಅಂಗಡಿಯ ಬಾಗಿಲು ಮುಚ್ಚಿದ ದಿನ ಒಲೆಯೂ ತಣ್ಣಗೆ.

ಇ.ಎಸ್.ಐ. ಇರುವ ಕಾರ್ಮಿಕರ ಸ್ಥಿತಿಯಾದರೂ ಏನು? 1948ರಲ್ಲಿ ಕಾಯಿದೆಯಾಗಿ, 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾದ ಈ ವಿಮೆ ಭಿಕ್ಷೆಯಲ್ಲ. 2019ರ ಜುಲೈಯಿಂದ ಜಾರಿಯಾದ ದರದಂತೆ ಕೂಲಿಯ ನೂರು ರೂಪಾಯಿಗೆ ಮುಕ್ಕಾಲು ರೂಪಾಯಿ ಕಾರ್ಮಿಕನದು, ಮೂರೂಕಾಲು ರೂಪಾಯಿ ಮಾಲೀಕನದು. ಆ ಮೂರೂಕಾಲೂ ಅವನ ದುಡಿಮೆಯಿಂದಲೇ ಬಂದದ್ದು. ಹೊರರೋಗಿಯ ಚಿಕಿತ್ಸೆ ಇದರಲ್ಲಿ ಹಕ್ಕು. ಆದರೆ ಗುತ್ತಿಗೆಯವನ ಪುಸ್ತಕದಲ್ಲಿ ಹೆಸರೇ ಇಲ್ಲದ ಕಾರ್ಮಿಕನಿಗೆ ಈ ಹಕ್ಕು ಕನ್ನಡಿಯೊಳಗಿನ ಗಂಟು. 2015ರಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ರೋಗಪರೀಕ್ಷೆಯ ಮಾರ್ಗಸೂಚಿ ಹೊರಡಿಸಿತು. ಮಾರ್ಗ ಸೂಚಿಸಿದರೆ ಸಾಕೆ, ನಡೆಯುವುದು ಬೇಡವೆ?

ಚೀಟಿ ಕನ್ನಡದಲ್ಲಿರಲಿ

ಕೊನೆಯದಾಗಿ, ಆದರೆ ಕಡೆಯದಲ್ಲದ ಮಾತು. ರಕ್ತ ನಮ್ಮದು, ರೋಗ ನಮ್ಮದು, ದುಡ್ಡು ನಮ್ಮದು. ವರದಿ ಮಾತ್ರ ಇಂಗ್ಲಿಷಿನದು! ಅಂಕಿಯ ಪಕ್ಕದಲ್ಲಿ ಒಂದು ದಪ್ಪ ಅಕ್ಷರ ಕಂಡೊಡನೆ ಕಾರ್ಮಿಕನ ಎದೆ ಡವಗುಟ್ಟುತ್ತದೆ. ಆ ಹೆದರಿಕೆಯೇ ಮುಂದಿನ ಪ್ಯಾಕೇಜಿನ ಬಂಡವಾಳ. "ವಾರಕ್ಕೊಮ್ಮೆ ಮಾತ್ರ" ಎಂಬ ಎರಡು ಕನ್ನಡ ಪದಗಳು ಮಾತ್ರೆಯ ಪಟ್ಟಿಯ ಮೇಲೆ ಇಲ್ಲದೆಹೋದರೆ ಒಂದು ಜೀವ ಹೋದೀತು. ಭಾಷೆಯ ಪ್ರಶ್ನೆ ಸಾಹಿತ್ಯ ಪರಿಷತ್ತಿನ ಪ್ರಶ್ನೆಯಷ್ಟೇ ಎಂದು ತಿಳಿದವರು ಈ ಮಾತ್ರೆಯ ಪಟ್ಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ.

ನಮ್ಮ ಬೇಡಿಕೆಗಳು ಇವು:

1. ಸೋರಿಯಾಸಿಸ್ ರೋಗಿಗಳಿಗೆ ರಕ್ತಕಣಗಳ ಎಣಿಕೆ, ಸಿ.ಆರ್.ಪಿ. ಹಾಗೂ ಮೆಥೊಟ್ರೆಕ್ಸೇಟ್ ನುಂಗುವವರಿಗೆ ಬೇಕಾದ ಎಲ್ಲ ಪರೀಕ್ಷೆಗಳು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇ.ಎಸ್.ಐ. ಚಿಕಿತ್ಸಾಲಯದಲ್ಲಿಯೂ ಉಚಿತವಾಗಿ ಆಗಬೇಕು.

2. ರಕ್ತದ ಅಂಕಿ ಸರಿಯಿದೆ ಎಂಬ ಒಂದೇ ಕಾರಣದಿಂದ ಯಾರಿಗೂ ರಜೆ, ರೋಗಭತ್ಯ, ಚಿಕಿತ್ಸೆ ನಿರಾಕರಿಸಕೂಡದು. ಅಂಗೈ, ಅಂಗಾಲು, ಕೀಲುಗಳ ರೋಗವನ್ನು ಕೆಲಸದ ದೃಷ್ಟಿಯಿಂದ ತೂಗಬೇಕು. ರೋಗಿಯ ಮಾತನ್ನು ದಾಖಲೆಯೆಂದು ಪರಿಗಣಿಸಬೇಕು.

3. ರಕ್ತದ ವರದಿ ರೋಗಿಯ ಸೊತ್ತು. ಅವನ ಒಪ್ಪಿಗೆಯಿಲ್ಲದೆ ಅದು ಮಾಲೀಕನ ಮೇಜಿಗೆ ಹೋಗಕೂಡದು.

4. ವರದಿ ಮತ್ತು ಔಷಧಿಯ ಎಚ್ಚರಿಕೆ ಕನ್ನಡದಲ್ಲಿರಬೇಕು. ಪ್ರತಿ ಲ್ಯಾಬಿನ ಬಾಗಿಲಲ್ಲಿ ಕನ್ನಡದ ದರಪಟ್ಟಿ ತೂಗಬೇಕು.

5. ಹೊರರೋಗಿಯ ಖರ್ಚು ಆರೋಗ್ಯ ಯೋಜನೆಗೆ ಸೇರಬೇಕು. ಚುಚ್ಚುಮದ್ದುಗಳ ಬೆಲೆಯನ್ನು ಸರ್ಕಾರ ಕಟ್ಟಬೇಕು. ಒಪ್ಪದ ಕಂಪನಿಗೆ ಕಡ್ಡಾಯ ಪರವಾನಗಿಯೇ ಮದ್ದು.

"ಇದಕ್ಕೆಲ್ಲ ದುಡ್ಡೆಲ್ಲಿ?" ಎಂಬ ಹಳೆಯ ಪಲ್ಲವಿ ಕೇಳಿಬಂದೇ ಬರುತ್ತದೆ. ಬಿರಿದ ಅಂಗೈಯಿಂದ ಮನೆಯಲ್ಲಿ ಕುಳಿತ ಕಾರ್ಮಿಕನ ಕಳೆದುಹೋದ ದಿನಗಳಿಗೆ, ಕೆಟ್ಟುಹೋದ ಹೃದಯಗಳಿಗೆ, ಪುಡಿಯವರು ಕೆಡಿಸಿದ ಮೈಗಳಿಗೆ ಈಗ ಯಾರು ದುಡ್ಡು ತೆರುತ್ತಿದ್ದಾರೆ? ನಾವೇ. ತೆರುವವರು ನಾವೇ ಆಗಿರುವಾಗ ಲೆಕ್ಕ ಕೇಳುವ ಅಧಿಕಾರವೂ ನಮ್ಮದೇ.

ಗಿರಣಿಯ ಯೂನಿಯನ್ನುಗಳು ಈ ಬೇಡಿಕೆಗಳನ್ನು ಮುಂದಿನ ಒಪ್ಪಂದದ ಕರಡಿನಲ್ಲಿ ಸೇರಿಸಲಿ. ವರ್ತಕರ ಸಂಘಗಳು ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಲಿ. ಅದಕ್ಕೂ ಮೊದಲು ನಾವೆಲ್ಲರೂ ಇಂದೇ ಮಾಡಬಹುದಾದ ಒಂದು ಕೆಲಸವಿದೆ. ಅದಕ್ಕೆ ಸರ್ಕಾರದ ಅಪ್ಪಣೆ ಬೇಡ, ಕಾಸೂ ಬೇಡ. ಮೈಮೇಲೆ ಮಚ್ಚೆಯಿರುವ ನಮ್ಮ ಸಂಗಾತಿಯ ಕೈಯನ್ನು ಹಿಡಿಯೋಣ, ಅವನ ಲೋಟದಲ್ಲಿ ಚಹಾ ಕುಡಿಯೋಣ, ಅವನ ಅಂಗಡಿಯ ಚಿಲ್ಲರೆಯನ್ನು ಅವನ ಅಂಗೈಯಿಂದಲೇ ತೆಗೆದುಕೊಳ್ಳೋಣ. ಆ ಕೈ ನಮ್ಮ ಜೊತೆಗಿದ್ದರೆ ಬೇಡಿಕೆಯ ಪತ್ರಕ್ಕೆ ಇನ್ನೊಂದು ಸಹಿ ಬಿತ್ತೆಂದೇ ಲೆಕ್ಕ.